ಸಮುದ್ರಕ್ಕೆ ಹೊರಟವರ ಬುತ್ತಿ

ಖಡಕ್ ರೊಟ್ಟಿ ಕೆಡುತ್ತದೆ ಎಂದು ಯಾರಾದರೂ ಹೇಳಿದ್ದರೆ ಹೋದ ವರ್ಷದವರೆಗೂ ನಾನು ನಂಬುತ್ತಿರಲಿಲ್ಲ. ಕೊಟ್ಟೂರಿನ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟು, ಒಲೆಯ ಬದಿಗೆ ಒರಗಿಸಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟರೆ ಮುಗಿಯಿತು. ಎರಡು ತಿಂಗಳು ಬಿಟ್ಟು ತೆಗೆದು ಮುರಿದರೂ ಅದೇ ಟಕ್ ಎನ್ನುವ ಸದ್ದು. ಬಿಸಿಲಿನ ಊರು ನಮ್ಮದು. ತೊಳೆದು ಹಾಕಿದ ಸೀರೆ ಇನ್ನೊಂದನ್ನು ಹಿಂಡುವಷ್ಟರಲ್ಲಿ ಒಣಗಿರುತ್ತದೆ. ಗಾಳಿಯಲ್ಲೂ ನೀರಿರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದನ್ನು ಕೈಯಿಂದ ಮುಟ್ಟಿ ನೋಡಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ.

ನಮ್ಮ ಮನೆಯವರು ಸಮುದ್ರ ದಾಟಲು ಹೊರಟಿದ್ದರು. ಹೀಗೆ ಬರೆದು ನೋಡಿದರೆ ನನಗೇ ನಗು ಬರುತ್ತದೆ. ಅವರಿಗೆ ಅರವತ್ಮೂರು. ಆಯುಷ್ಯವೆಲ್ಲ ಶೇಂಗಾ ಎಣ್ಣೆಯ ಮಿಲ್ಲು ನಡೆಸಿದವರು, ಈಜು ಕಲಿತದ್ದು ಹೊಲದ ಬಾವಿಯಲ್ಲಿ. ಸಮುದ್ರಕ್ಕೆ ಇಳಿದದ್ದು ಒಂದೇ ಸಲ, ಮದುವೆಯಾದ ಮರುವರ್ಷ, ಪ್ಯಾಂಟು ಮಡಚಿಕೊಂಡು ಮೊಣಕಾಲಿನವರೆಗೆ. ಅವರ ಜೊತೆಗೆ ಇನ್ನಿಬ್ಬರು ಗೆಳೆಯರು. ಒಬ್ಬರು ಹಡಗಲಿ ಕಡೆಯ ನಿವೃತ್ತ ಡ್ರಿಲ್ ಮಾಸ್ತರು. ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ, ಹರಿಗೋಲು ನಡೆಸಿ ಬೆಳೆದವರು. ಹಾಗಾಗಿ ನೀರಿನ ವಿಷಯ ಬಂದರೆ ಉಳಿದ ಇಬ್ಬರನ್ನು ಒಂದನೇ ಕ್ಲಾಸಿನ ಹುಡುಗರಂತೆ ನೋಡುತ್ತಿದ್ದರು. ಇನ್ನೊಬ್ಬರು ಚಿಗಟೇರಿಯವರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಾನು ಅವರನ್ನು ಕರೆಯುವುದು ಅಣ್ಣಾರು ಎಂದು. ಎಲ್ಲ ಶುರುವಾದದ್ದು ಅವರಿಂದಲೇ.

ಅಣ್ಣಾರ ಹೆಂಡತಿಗೆ ಕಿಡ್ನಿ ಹೋಗಿತ್ತು. ಎಂಟು ವರ್ಷ ಡಯಾಲಿಸಿಸ್. ವಾರಕ್ಕೆ ಮೂರು ಸಲ ಚಿಗಟೇರಿಯಿಂದ ದಾವಣಗೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದರು. ಆಕೆ ತೀರಿಕೊಂಡು ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ಚಹಾ ಕುಡಿದಿಟ್ಟು, ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಕರಾವಳಿಯ ಒಂದು ದೋಣಿ ಕ್ಲಬ್ಬು ಅರವತ್ತು ದಾಟಿದವರನ್ನು ತಯಾರು ಮಾಡಿ, ಹುಟ್ಟು ಹಾಕಿಕೊಂಡೇ ಸಮುದ್ರದ ನಡುವಿನ ದ್ವೀಪಕ್ಕೆ ಕರೆದೊಯ್ಯುತ್ತದೆ. ಹೋಗುವವರು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಜನರಿಂದ ಸಹಾಯ ಕೂಡಿಸಬೇಕು. ಅದಕ್ಕಾಗಿಯೇ ಆ ಪ್ರಯಾಣ.

"ನಾ ಕಂಡಕ್ಟರು ಅಂತ ನನ್ನ ಹೆಂಡ್ತಿಗೆ ಸೀಟು ಸಿಗ್ತಿತ್ತು," ಎಂದರು ಅಣ್ಣಾರು. "ತೆಲಿಗಿಯಿಂದ ಬರೋ ಒಬ್ಬಾಕಿ ಅದಾಳ. ಮಷೀನಿಂದ ಎದ್ದು ಬಂದು, ಕಂಬಿ ಹಿಡಕೊಂಡು ನಿಂತೇ ಊರಿಗೆ ಬರ್ತಿದ್ಲು. ಈಗೂ ನಿಂತೇ ಬರ್ತಾಳ. ಒಂದು ವ್ಯಾನು ಬೇಕು. ಮಲಗಿ ಬರಂಗ ಇರಬೇಕು."

"ವ್ಯಾನು ಬೇಕಂದ್ರ ಚಂದಾ ಎತ್ತೂಣು ಬಿಡಪ್ಪ," ಎಂದರು ನಮ್ಮವರು. "ಅದಕ್ಕ ಸಮುದ್ರ ಯಾಕ ದಾಟಬೇಕು?"

"ಚಂದಾ ಕೇಳಾಕ ಹೋದ್ರ ಬಾಗಲಾಗ ನಿಂತು ಮಾತಾಡಿ ಕಳಸ್ತಾರ. ಒಬ್ಬ ಮುದುಕ ಹುಟ್ಟು ಹಾಕ್ಕೊಂತ ಸಮುದ್ರಕ್ಕ ಹೊಂಟಾನಂದ್ರ ಒಳಗ ಕರದು ಕುಂದ್ರಿಸಿ ಕೇಳ್ತಾರ."

"ಒಬ್ಬ ಮುದುಕ ಅಲ್ಲ, ಮೂರು ಮುದುಕ್ರು ಅನ್ನು," ಎಂದರು ನಮ್ಮವರು. ಯೋಚನೆ ಮಾಡುವುದಕ್ಕೆ ಮೊದಲೇ ಹಾಗೆ ಅಂದುಬಿಟ್ಟಿದ್ದರು ಎಂದು ನನಗೆ ಅವರ ಮುಖ ನೋಡಿದರೇ ಗೊತ್ತಾಯಿತು.

ನಾನು ಲೋಟ ಎತ್ತಲು ಹೋದಾಗ ಅಣ್ಣಾರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ತಂಗಿ, ಎಂಟು ವರ್ಷ ಮಷೀನು ಕೆಲಸ ಮಾಡ್ತಿತ್ತು, ನಾ ಪಕ್ಕದಾಗ ಕುಂತಿರ್ತಿದ್ದೆ. ಎರಡೂ ಕೈ ತೊಡಿ ಮ್ಯಾಲಿಟಗೊಂಡು. ಈ ಕೈಯಿಂದ ಏನರ ಒಂದು ಮಾಡಬೇಕು."

ಕ್ಲಬ್ಬಿನವರು ಹುಟ್ಟು ಹಾಕುವುದನ್ನು ಅಭ್ಯಾಸ ಮಾಡುವ ಹಳೆಯ ಯಂತ್ರವೊಂದನ್ನು ಕಳಿಸಿಕೊಟ್ಟರು. ಅದನ್ನು ಮನೆಯ ಪಕ್ಕದಲ್ಲೇ ಇರುವ ನಮ್ಮ ನಿಂತುಹೋದ ಮಿಲ್ಲಿನ ಗೋಡೌನಿನಲ್ಲಿ ಇಟ್ಟಾಯಿತು. ಹಿಂದೆ ಸರಿದು, ಮುಂದೆ ಸರಿದು, ಒಂದು ಹಿಡಿಯನ್ನು ಹೊಟ್ಟೆಯ ತನಕ ಎಳೆಯಬೇಕು. ಮೂವರೂ ಸರದಿಯ ಮೇಲೆ ಕೂರುತ್ತಿದ್ದರು. ದಾರಿಯಲ್ಲಿ ಹೋಗುವ ರೈತರು ಸದ್ದು ಕೇಳಿ ಒಳಗೆ ಇಣುಕುತ್ತಿದ್ದರು. ಒಂದು ದಿನ ಹಳೆಯ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು ಕೇಳಿದ, "ಏನ್ರಿ ಸಾವಕಾರ್ರ, ಹೊಸಾ ಗಾಣ ಹಾಕೀರೇನು?"

"ಹೂಂ," ಎಂದರು ನಮ್ಮವರು ಎಳೆಯುತ್ತಲೇ.

"ಎಣ್ಣಿ ಎಲ್ಲಿ ಬೀಳತೈತಿ?"

ಡ್ರಿಲ್ ಮಾಸ್ತರು ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ, "ಇಲ್ಲೇ ನೋಡಪಾ, ನೆತ್ತಿಯಿಂದ," ಎಂದರು.

ಭಾನುವಾರ ಭಾನುವಾರ ಹಡಗಲಿ ಕಡೆಯ ಹಿನ್ನೀರಿಗೆ ಹೋಗುತ್ತಿದ್ದರು. ತಿಂಗಳಿಗೊಮ್ಮೆ ಕ್ಲಬ್ಬಿನಿಂದ ಒಬ್ಬ ತರಬೇತುದಾರಳು ಬರುತ್ತಿದ್ದಳು. ಮೀನುಗಾರರ ಮನೆಯ ಮಗಳು, ನಲವತ್ತು ದಾಟಿದವಳು, ಮೊಣಕೈವರೆಗೆ ಬಿಸಿಲಿಗೆ ಕಂದಿದ ಕೈಗಳು. ನಮ್ಮವರು ಆಕೆಗೆ ಕೋಚಮ್ಮ ಎಂದು ಹೆಸರಿಟ್ಟುಬಿಟ್ಟರು. ಆಕೆಯೂ ಅದಕ್ಕೆ ಓಗೊಡುತ್ತಿದ್ದಳು. ನಾನು ಬುತ್ತಿ ಕಟ್ಟಿಕೊಂಡು ಹೋಗಿ ದಂಡೆಯ ಜಾಲಿಮರದ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದೆ. ನೀರಿನ ಮೇಲಿಂದ ಮೂವರ ಜಗಳ ಸ್ಪಷ್ಟವಾಗಿ ಕೇಳುತ್ತಿತ್ತು.

"ಲೇ, ನೀ ಎಳಿಯಾಕತ್ತೀಯೋ, ನೀರಿಗೆ ಗಾಳಿ ಬೀಸಾಕತ್ತೀಯೋ?" ಇದು ಡ್ರಿಲ್ ಮಾಸ್ತರು.

"ನಿನ್ನ ಸೀಟಿ ನಿಂದ್ರಸಿದ್ರ ಎಳೀತೀನಿ." ಇದು ನಮ್ಮವರು.

ಅಣ್ಣಾರ ದನಿ ಕೇಳುತ್ತಿರಲಿಲ್ಲ. ಮೂವರಲ್ಲಿ ಒಂದೇ ಸಮ ಎಳೆಯುವವರು ಅವರೇ ಎಂದು ಕೋಚಮ್ಮ ಹೇಳುತ್ತಿದ್ದಳು. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವರಿಗೆ ದೋಣಿಯ ಓಲಾಟ ದೊಡ್ಡದೇನೂ ಆಗಿರಲಿಲ್ಲ.

ಊಟದ ಮಾತು ಬಂದದ್ದು ಅಲ್ಲೇ. ಸಮುದ್ರದಲ್ಲಿ ಬಿಸಿನೀರು ಹಾಕಿ ಕಲಸಿಕೊಳ್ಳುವ ಪ್ಯಾಕೆಟ್ ಊಟವನ್ನು ಕೋಚಮ್ಮ ತಂದು ಕೊಟ್ಟಳು. ನಮ್ಮವರು ಎರಡು ಚಮಚ ತಿಂದು, ಇದಕ್ಕಿಂತ ಹಿಂಡಿ ಚಲೋ ಇರತೈತಿ, ಎತ್ತಿಗೆ ಹಾಕೂದು, ಎಂದರು. ಅಣ್ಣಾರು ವಾಸನೆ ನೋಡಿಯೇ ಕೆಳಗಿಟ್ಟರು. ಆಗ ನಾನು ನನ್ನ ರೊಟ್ಟಿಯ ಗಂಟು ಬಿಚ್ಚಿದೆ. ಆಕೆ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು.

"ತುಂಬಾ ಚಂದ ಉಂಟು ಅಕ್ಕ. ಆದ್ರೆ ಸಮುದ್ರದಲ್ಲಿ ಇದು ಆಗ್ಲಿಕ್ಕಿಲ್ಲ. ಅಲ್ಲಿ ಎಲ್ಲ ಮೆತ್ತಗೆ ಆಗ್ತದೆ."

"ಎರಡು ತಿಂಗಳಿದ್ದರೂ ಇದು ಹೀಗೇ ಇರುತ್ತದೆ," ಎಂದೆ. ಬೇಸರ ದನಿಯಲ್ಲಿ ಕಾಣದ ಹಾಗೆ ನಕ್ಕೆ. ಕಾನ್ವೆಂಟಿನಲ್ಲಿ ಓದಿದ ನಮಗೆ ಬೇಸರವನ್ನು ನಗುವಿನಲ್ಲಿ ಸುತ್ತಿ ಕೊಡುವುದು ಚಿಕ್ಕಂದಿನಿಂದ ರೂಢಿ. ಆಕೆ ವಾದಿಸಲಿಲ್ಲ. ಮೊದಲ ಪರೀಕ್ಷೆಗೆ ಬನ್ನಿ, ನೋಡುವ, ಎಂದಳು.

ಮಳೆಗಾಲ ಮುಗಿದು ದಸರೆ ಕಳೆದ ಮೇಲೆ ಮೊದಲ ಪರೀಕ್ಷೆ. ನಾಲ್ವರು, ಅಂದರೆ ನಮ್ಮ ಮೂವರು ಮತ್ತು ಕೋಚಮ್ಮ, ಎರಡು ದಿನ ಸಮುದ್ರದಲ್ಲಿದ್ದು ಬರಬೇಕು. ಹಿಂದೆ ಕ್ಲಬ್ಬಿನ ಯಂತ್ರದ ದೋಣಿ ಕಾವಲಿಗಿರುತ್ತದೆ. ನಾನು ನೂರು ರೊಟ್ಟಿ ಸುಟ್ಟು, ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ನೀಟಾಗಿ ಹೆಸರಿನ ಚೀಟಿ ಹೊಲಿದು ತೆಗೆದುಕೊಂಡು ಹೋದೆ. ಅರ್ಧ ದೋಣಿಗೆ, ಇನ್ನರ್ಧ ನನ್ನ ಹತ್ತಿರ.

ಅವರು ಹೊರಟ ದಿನ ಬಂದರಿನ ಪಕ್ಕದ ಕೋಣೆಯಲ್ಲಿ ನಾನೊಬ್ಬಳೇ. ಕಡ್ಡಿಪೆಟ್ಟಿಗೆ ಗೀರಿದರೆ ಕಡ್ಡಿಯ ತಲೆ ಹಿಟ್ಟಾಗಿ ಉದುರುತ್ತಿತ್ತು. ಹೋಟೆಲಿನ ಉಪ್ಪಿನ ಡಬ್ಬಿಯಲ್ಲಿ ಅಕ್ಕಿಕಾಳು ಹಾಕಿದ್ದರು, ಆದರೂ ಉಪ್ಪು ಬೀಳುತ್ತಿರಲಿಲ್ಲ. ಹಾಸಿಗೆ, ಸೀರೆಯ ಸೆರಗು, ಪುಸ್ತಕದ ಹಾಳೆ, ಎಲ್ಲವೂ ಈಗಷ್ಟೇ ಅತ್ತು ಮುಗಿಸಿದವರ ಕೆನ್ನೆಯ ಹಾಗೆ. ಮಾರನೆಯ ಬೆಳಿಗ್ಗೆ ರೊಟ್ಟಿಯ ಗಂಟು ಬಿಚ್ಚಿ ಒಂದನ್ನು ಎತ್ತಿದೆ. ಅದು ಕೈಯಿಂದ ಜೋತುಬಿತ್ತು. ಎರಡು ಮಡಿಕೆ ಮಾಡಿದೆ, ನಾಲ್ಕು ಮಡಿಕೆ ಮಾಡಿದೆ. ಕರ್ಚೀಫಿನ ಹಾಗೆ ಮಡಚಿಕೊಂಡಿತೇ ಹೊರತು ಮುರಿಯಲಿಲ್ಲ. ಕೋಣೆಯಲ್ಲೇ ಹೀಗಿದ್ದರೆ ನೀರಿನ ನಡುವೆ ಅವರೇನು ತಿನ್ನುತ್ತಿದ್ದಾರೋ ಎಂದು ಕಿಟಕಿಗೆ ಹೋಗಿ ಸಮುದ್ರ ನೋಡುತ್ತ ನಿಂತೆ.

ಎರಡನೆಯ ಸಂಜೆ ಅವರು ಬಂದರು. ನಮ್ಮವರಿಗೆ ಅಂಗೈ ತುಂಬ ಬೊಬ್ಬೆ, ಮುಖದ ತುಂಬ ಖುಷಿ. ಡ್ರಿಲ್ ಮಾಸ್ತರು ನನ್ನ ಕೈಗೆ ಗಂಟು ಕೊಟ್ಟು, "ಅಕ್ಕಾರ, ನಿಮ್ಮ ರೊಟ್ಟಿಗೆ ಮೀಸಿ ಬಂದಾವ ನೋಡ್ರಿ," ಎಂದರು. ಅಂಚಿನಲ್ಲೆಲ್ಲ ಬೂದುಹಸಿರು ಬೂಸ್ಟು. ಅಣ್ಣಾರನ್ನು ಇಬ್ಬರು ರಟ್ಟೆ ಹಿಡಿದು ಇಳಿಸಿಕೊಂಡು ಬಂದರು. ತಲೆಸುತ್ತು, ವಾಂತಿ, ಕೈನಡುಕ. ಎರಡು ದಿನದಲ್ಲಿ ಹೊಟ್ಟೆಗೆ ಹೋದದ್ದು ಮೊದಲ ದಿನದ ಅರ್ಧ ರೊಟ್ಟಿ, ಒಂದಿಷ್ಟು ಬೆಲ್ಲ. ನೀರು ಮಾತ್ರ ಕುಡಿದೇ ಕುಡಿದಿದ್ದರು.

ಅವರು ಸ್ವಲ್ಪ ಸುಧಾರಿಸಿಕೊಂಡು ದೋಣಿ ನಿಲ್ಲಿಸುವ ದಕ್ಕೆಯ ಕಟ್ಟೆಯ ಮೇಲೆ ಕೂತ ಮೇಲೆ ಕೋಚಮ್ಮ ಎಲ್ಲರೆದುರೇ ಹೇಳಿದಳು, ಜೋರು ಮಾಡದೆ. "ಸಮುದ್ರದಲ್ಲಿ ಊಟ ಅಂದ್ರೆ ಅದೂ ಒಂದು ಹುಟ್ಟು. ಊಟ ಮಾಡದವರನ್ನು ನಾನು ಕರ್ಕೊಂಡು ಹೋಗುದಿಲ್ಲ. ಎರಡು ತಿಂಗಳು ಬಿಟ್ಟು ಇನ್ನೊಂದು ಪರೀಕ್ಷೆ ಉಂಟು. ಆಗ್ಲೂ ಹೀಗೇ ಆದ್ರೆ ಇವರ ಜಾಗಕ್ಕೆ ನಮ್ಮ ಕ್ಲಬ್ಬಿನ ಒಬ್ಬರು ಬರ್ತಾರೆ. ನಿಮ್ಮ ವ್ಯಾನಿಗೆ ಏನೂ ತೊಂದ್ರೆ ಇಲ್ಲ. ಇವರು ದಡದಲ್ಲಿ ಇರ್ತಾರೆ, ಅಷ್ಟೇ."

ಅಣ್ಣಾರು ತಲೆ ಎತ್ತಲಿಲ್ಲ. "ಅಂದ್ರ ಮತ್ತ ಪಕ್ಕದಾಗ ಕುಂದ್ರೂದು," ಎಂದರು.

ಊರಿಗೆ ಬರುವ ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಗೇ ಬಂತು. ತಪ್ಪು ನನ್ನದೆಂದೇ ಅನ್ನಿಸಿತ್ತು. ಮುನ್ನೆಚ್ಚರಿಕೆ ಕೊಟ್ಟವಳ ಮುಂದೆ ರೊಟ್ಟಿಯ ಜಂಬ ಕೊಚ್ಚಿದವಳು ನಾನು. ಮನೆಗೆ ಬಂದವಳೇ ಒಂದು ತೀರ್ಮಾನ ಮಾಡಿದೆ. ಕೊಟ್ಟೂರಿನಲ್ಲಿ ಸಮುದ್ರ ಇಲ್ಲದಿದ್ದರೆ ನಾನೇ ಒಂದು ಮಾಡಿಕೊಳ್ಳಬೇಕು.

ನಮ್ಮ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಈಗಲೂ ಇದೆ. ಹಂಡೆಗೆ ನೀರು ತುಂಬಿ, ಎರಡು ಹಿಡಿ ಕಲ್ಲುಪ್ಪು ಹಾಕಿ, ಕುದಿಯಲು ಬಿಟ್ಟು, ಕಿಟಕಿ ಮುಚ್ಚಿದೆ. ಹಗ್ಗ ಕಟ್ಟಿ ಅದಕ್ಕೆ ಸಾಲಾಗಿ ಜೋತುಬಿಟ್ಟೆ: ರೊಟ್ಟಿ, ಅವಲಕ್ಕಿ, ಮಂಡಕ್ಕಿ, ಶೇಂಗಾ ಉಂಡಿ, ಅಳ್ಳಿಟ್ಟು. ಅಳ್ಳಿಟ್ಟು ಎಂದರೆ ಜೋಳವನ್ನು ಹುರಿದು ಅಳ್ಳು ಮಾಡಿ ಬೀಸಿದ ಹಿಟ್ಟು. ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಸಾಕು, ಒಲೆ ಬೇಡ, ಅಗಿಯುವುದೂ ಬೇಡ. ಒಂದೊಂದನ್ನೂ ಒಂದು ಬಟ್ಟೆಯ ಗಂಟಿನಲ್ಲಿ, ಒಂದು ಡಬ್ಬಿಯಲ್ಲಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೀಟಿ ಅಂಟಿಸಿದೆ. ದಿನಾ ಬೆಳಿಗ್ಗೆ ಸಂಜೆ ಮುಟ್ಟಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹೋಮ್ ಸೈನ್ಸ್ ಕಲಿಸಿದ ಸಿಸ್ಟರ್ ನೋಡಿದ್ದರೆ ಸಂತೋಷಪಡುತ್ತಿದ್ದರೋ ಏನೋ.

ನಮ್ಮವರಿಗೆ ಮಾತ್ರ ಸಂತೋಷವಾಗಲಿಲ್ಲ. "ಜಳಕಕ್ಕ ಹೋದ್ರ ಮಂಡಕ್ಕಿ ಚೀಲ ಬಂದು ಮೂಗಿಗೆ ಬಡೀತೈತಿ. ಇದು ಬಚ್ಚಲೋ, ಸಂತಿ ಅಂಗಡಿಯೋ?"

"ನೀವೇ ಅಲ್ಲೇನ್ರಿ ಸಮುದ್ರಕ್ಕೆ ಹೊಂಟೋರು? ರೂಢಿ ಮಾಡ್ಕೊಳ್ರಿ."

"ಸಮುದ್ರದಾಗ ಕಣ್ಣರ ಕಾಣ್ತಿದ್ವು. ಇಲ್ಲಿ ಸಾಬೂನು ಯಾವುದು, ಉಂಡಿ ಯಾವುದು ತಿಳಿಯವಲ್ದು."

ಮೂರನೆಯ ವಾರಕ್ಕೆ ಉಳಿದದ್ದು ಅಳ್ಳಿಟ್ಟು. ಅದೂ ದೊಡ್ಡ ಡಬ್ಬಿಯಲ್ಲಿ ಅಲ್ಲ. ಒಂದು ಹೊತ್ತಿಗೆ ಒಂದು ಎಂದು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯನ್ನು ಗರಗಸದ ಬ್ಲೇಡಿಗೆ ಮಡಚಿ ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸಿ, ಅದನ್ನು ಇನ್ನೊಂದು ಚೀಲದಲ್ಲಿ ಹಾಕಿ ಮತ್ತೆ ಅಂಟಿಸಿದ್ದು. ಬಿಚ್ಚಿದರೆ ಹುರಿದ ದಿನದ ಘಮ. ಹುರಿದ ಶೇಂಗಾ ಪುಡಿ, ಜೀರಿಗೆ, ಉಪ್ಪು ಸೇರಿಸಿ ಹೊಸದಾಗಿ ಹತ್ತು ಪ್ಯಾಕೆಟ್ ಮಾಡಿದೆ.

ಆ ಭಾನುವಾರ ಹಿನ್ನೀರಿಗೆ ಹೋಗದೆ ಗೋಡೌನಿನಲ್ಲೇ ಅಭ್ಯಾಸ ಮುಗಿಸಿ ಮೂವರೂ ಮನೆಗೆ ಊಟಕ್ಕೆ ಬಂದಾಗ ಒಂದೊಂದು ಬಟ್ಟಲು ಕಲಸಿ ಕೊಟ್ಟೆ. ನಮ್ಮವರು, ಡ್ರಿಲ್ ಮಾಸ್ತರು ಬಟ್ಟಲು ನೆಕ್ಕಿ ಇಟ್ಟರು. ಅಣ್ಣಾರು ಒಂದು ಚಮಚ ಬಾಯಿಗೆ ಹಾಕಿಕೊಂಡು, ನುಂಗಿ, ಚಮಚವನ್ನು ಬಟ್ಟಲ ಅಂಚಿಗೆ ಮೆಲ್ಲಗೆ ಒರಗಿಸಿದರು.

"ಚಲೋ ಐತಿ ತಂಗಿ. ಆದ್ರ ಬರೇ ಹಿಟ್ಟಿದ್ರ ಕೊಡು, ಬೆಲ್ಲ ಹಾಕ್ಕೊಂತೀನಿ."

ಆಗ ನಾನು ಅವರ ತಟ್ಟೆ ನೋಡಿದೆ. ನೋಡಿದೆ ಎನ್ನುವುದಕ್ಕಿಂತ, ತಿಂಗಳುಗಳಿಂದ ನೋಡುತ್ತಿದ್ದದ್ದು ಆಗ ಕಾಣಿಸಿತು. ಹೋಳಿನ ಉಪ್ಪಿನಕಾಯಿ ಹಾಕಿದ ಜಾಗದಲ್ಲೇ ಇತ್ತು. ಚಟ್ನಿಪುಡಿಯ ಗುಡ್ಡೆ ಕೆದರಿರಲಿಲ್ಲ. ಪಲ್ಯ ಎರಡು ಬೆರಳಿನಷ್ಟು ಹೋಗಿತ್ತು, ಉಳಿದದ್ದು ಬದಿಗೆ ಸರಿದಿತ್ತು. ಖಾಲಿಯಾಗಿದ್ದದ್ದು ರೊಟ್ಟಿ, ಮೊಸರು, ಬೆಲ್ಲ. ನಾವು ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಹಿನ್ನೀರಿನ ದಂಡೆಯಲ್ಲೂ ಅವರು ಉಣ್ಣುತ್ತಿದ್ದದ್ದು ಹೀಗೇ. ಖಾರ ಆಗುವುದಿಲ್ಲವೇನೋ ಎಂದುಕೊಂಡು ನಾನು ಅವರ ಪಾಲಿಗೆ ಬೆಲ್ಲ ಜಾಸ್ತಿ ಇಡುತ್ತ ಬಂದಿದ್ದೆ.

ಉಳಿದಿಬ್ಬರು ಕೈತೊಳೆಯಲು ಎದ್ದರು. ನಾನು ಕೇಳಿದೆ. "ಅಣ್ಣಾರ, ನೀವು ಉಪ್ಪು ಬಿಟ್ಟೀರೇನ್ರಿ?"

ಅವರು ಬೆರಳಿನಿಂದ ತಟ್ಟೆಯಲ್ಲಿದ್ದ ರೊಟ್ಟಿಯ ಚೂರುಗಳನ್ನು ಒಂದು ಕಡೆ ಕೂಡಿಸಿದರು. "ಅಕಿಗೆ ಉಪ್ಪು ಬಂದ್ ಮಾಡಿದ್ರಲ್ಲ ಡಾಕ್ಟ್ರು. ಎರಡು ಅಡಗಿ ಮಾಡಾಕ ನನಗ ಬರ್ತಿದ್ದಿಲ್ಲ. ಒಂದೇ ಗಡಿಗ್ಯಾಗ ಇಬ್ರೂ ಉಣ್ಣಾಕ ಹತ್ತಿದ್ವಿ. ಅದೇ ನಡದು ಬಂತು."

"ಹತ್ತು ವರ್ಷ ಆತಲ್ರಿ."

"ಆತು. ಈಗ ಹಾಕ್ಕೊಂಡ್ರ ಅಕಿನ್ನ ಬಿಟ್ಟು ಒಬ್ಬನೇ ಉಂಡಂಗ ಆಗತೈತಿ."

ಬಿಸಿಲಿನಲ್ಲಿ ದಿನವಿಡೀ ಬೆವರು ಸುರಿಸಿ, ಮೇಲಿಂದ ಮೇಲೆ ಬರೀ ನೀರು ಕುಡಿದು, ಉಪ್ಪಿನ ಹರಳು ಬಾಯಿಗೆ ಹಾಕದ ಮನುಷ್ಯ. ತಲೆಸುತ್ತು, ವಾಂತಿ, ನಡುಕ. ವಾಂತಿ-ಭೇದಿಯಾದವರಿಗೆ ಬರೀ ನೀರು ಕೊಡಬಾರದು, ಉಪ್ಪು ಸಕ್ಕರೆ ಬೆರೆಸಿ ಕೊಡಬೇಕು ಎಂದು ಒಂಬತ್ತನೇ ತರಗತಿಯಲ್ಲಿ ಚಮಚದ ಅಳತೆ ಸಮೇತ ಬರೆದುಕೊಂಡವಳು ನಾನು. ನನ್ನ ರೊಟ್ಟಿ ಬೂಸ್ಟು ಹಿಡಿಯದೇ ಇದ್ದಿದ್ದರೂ ಅವರು ಬೀಳುತ್ತಲೇ ಇದ್ದರು.

ನನಗೆ ತಿಳಿದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು. ಮಾರನೆಯ ದಿನ ನಮ್ಮವರು ಸ್ಕೂಟರಿನಲ್ಲಿ ಹೋಗಿ, ಅವರನ್ನು ಕೂರಿಸಿಕೊಂಡು ಹರಪನಹಳ್ಳಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ರಕ್ತದಲ್ಲಿ ಉಪ್ಪಿನಂಶ ಕಡಿಮೆ ಇತ್ತು. ಬೇರೆಲ್ಲ ಸರಿ. ಒಮ್ಮೆಲೇ ಬೇಡ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ದೋಣಿಯಲ್ಲಿ ಮಾತ್ರ ಬರೀ ನೀರು ಕುಡಿಯಬೇಡಿ ಎಂದರಂತೆ ಆಕೆ.

ಹೇಳುವುದು ಸುಲಭ. ಆ ವಾರವೆಲ್ಲ ಅಣ್ಣಾರು ನಮ್ಮ ಮನೆಯ ಕಡೆ ಬರಲಿಲ್ಲ. ನಮ್ಮವರು ಫೋನು ಮಾಡಿದರೆ, ಮೈಯಾಗ ಅಷ್ಟು ಆರಾಮಿಲ್ಲ, ಎಂದು ಇಟ್ಟುಬಿಟ್ಟರು. ಅಭ್ಯಾಸದ ಯಂತ್ರದ ಮೇಲೆ ಇಬ್ಬರೇ ಎಳೆದರು, ಜಗಳವಿಲ್ಲದೆ. ನಾನು ಮತ್ತೆ ಅಡುಗೆಮನೆಗೆ ಹೋಗಿ ಅವರ ಪಾಲಿನ ಹಿಟ್ಟನ್ನು ಬೇರೆ ಇಟ್ಟೆ. ಉಪ್ಪಿಲ್ಲದ್ದು.

ಮರು ಭಾನುವಾರ ಅವರೇ ಬಂದರು. ಕೈಯಲ್ಲಿ ಕಾಗದದ ಪೊಟ್ಟಣ, ಎಣ್ಣೆ ಇಳಿದು ಪಾರದರ್ಶಕವಾಗಿತ್ತು. ಒಳಗೆ ನಾಲ್ಕು ಮಿರ್ಚಿ ಬಜ್ಜಿ. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತರು.

"ಡಯಾಲಿಸಿಸ್ ಶುರು ಆದ ಮೊದಲನೇ ತಾಸಿನ್ಯಾಗ ಒಂಚೂರು ಬೇಕಾದ್ದು ತಿನ್ನಾಕ ಬಿಡ್ತಿದ್ರು ಅಕಿಗೆ," ಎಂದರು. "ಒಂದು ಮಿರ್ಚಿ ತಂದು ಕೊಡ್ತಿದ್ದೆ. ಅರ್ಧ ತಿಂದು ಅರ್ಧ ನನ್ನ ಬಾಯಿಗೆ ಹಿಡೀತಿದ್ಲು. ನಾ ಒಲ್ಲೆ ಅಂತಿದ್ದೆ. ಸಿಟ್ಟು ಬರ್ತಿತ್ತು ಅಕಿಗೆ. ನಾನರ ಬ್ಯಾನಿಗೆ ಬಿಟ್ಟೀನಿ, ನೀ ಯಾವ ಬ್ಯಾನಿಗೆ ಬಿಟ್ಟೀಯೋ ಅಂತ ಬೈತಿದ್ಲು. ನರ್ಸಮ್ಮ ನಗ್ತಿದ್ಲು."

ನಾನು ಒಗ್ಗರಣೆಯ ಸೌಟನ್ನು ಕೆಳಗಿಟ್ಟೆ.

"ಎಂಟು ವರ್ಷ ನಾ ದೊಡ್ಡ ತ್ಯಾಗ ಮಾಡೀನಿ ಅಂತ ತಿಳಕೊಂಡಿದ್ದೆ ತಂಗಿ. ಅಕಿಗೆ ಅದು ಬೇಕೇ ಇರಲಿಲ್ಲ. ಮೊನ್ನೆ ಬಸ್ಸಿನ್ಯಾಗ ಕುಂತಾಗ ನೆನಪಾತು."

ಅವರು ಒಂದು ಮಿರ್ಚಿಯನ್ನು ಎರಡು ತುಂಡು ಮಾಡಿ ಸಣ್ಣ ತುಂಡನ್ನು ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ನೀರಿನ ಲೋಟ ಮುಂದೆ ಸರಿಸಿದೆ. ಅಷ್ಟರಲ್ಲಿ ಹೊರಗಿಂದ ನಮ್ಮವರು, "ಮಿರ್ಚಿ ವಾಸನಿ ಬರಾಕತ್ತೇತಿ, ಯಾರಲೇ ಒಬ್ಬರೇ ತಿನ್ನಾಕತ್ತೋರು," ಎನ್ನುತ್ತ ಬಂದು ಉಳಿದವನ್ನು ಎತ್ತಿಕೊಂಡು ಹೋದರು.

ಅವತ್ತಿನಿಂದ ಅಣ್ಣಾರ ಪ್ಯಾಕೆಟ್ಟುಗಳು ಬೇರೆ. ಒಂದು ಎಂದು ಬರೆದ ಚೀಟಿಯದರಲ್ಲಿ ಉಪ್ಪು ಎರಡು ಬೆರಳಿಗೆ ಬಂದಷ್ಟು. ಎರಡರಲ್ಲಿ ಅದಕ್ಕಿಂತ ಚೂರು ಹೆಚ್ಚು. ಹೀಗೆ ಹನ್ನೆರಡರವರೆಗೆ, ಹನ್ನೆರಡು ಅಂದರೆ ನಮ್ಮೆಲ್ಲರ ರುಚಿ. ಮೂರು ದಿನಕ್ಕೊಂದು ಅಂಕಿ ಮೇಲೇರಬೇಕು. ಐದರಲ್ಲಿ ಅವರು ವಾರ ನಿಂತುಬಿಟ್ಟರು, ನಾಲಿಗೆ ಒಲ್ಲೆ ಅನ್ನತೈತಿ, ಎಂದು. ಆಮೇಲೆ ಏಳಕ್ಕೆ ಹಾರಿದರು. ನಡುವೆ ನಾನು ಏನೂ ಕೇಳುತ್ತಿರಲಿಲ್ಲ. ಯಂತ್ರದ ಸದ್ದೇ ಹೇಳುತ್ತಿತ್ತು. ಮೊದಲು ಅರ್ಧ ತಾಸಿಗೆ ಅವರ ಎಳೆತ ಸಡಿಲವಾಗುತ್ತಿತ್ತು. ಈಗ ನಾನು ಅನ್ನಕ್ಕಿಟ್ಟು, ಸಾರು ಕುದಿಸಿ, ಕಸ ಹೊಡೆದು ಮುಗಿಸುವ ತನಕ ಗೋಡೌನಿನಿಂದ ಅದೇ ಸರ್ ಸರ್, ಒಂದೇ ಅಳತೆಯಲ್ಲಿ.

ಎರಡನೆಯ ಪರೀಕ್ಷೆಗೆ ಹೊರಟಾಗ ಅವರು ಹನ್ನೊಂದರಲ್ಲಿದ್ದರು.

ಈ ಸಲ ನಾನು ಬಂದರಿನ ಕೋಣೆಯಲ್ಲಿ ಕೂರಲಿಲ್ಲ, ಕ್ಲಬ್ಬಿನ ಕಚೇರಿಯಲ್ಲೇ ಕೂತೆ. ಹಿಂದಿನ ಕಾವಲು ದೋಣಿಯಿಂದ ಆಗಾಗ ಸುದ್ದಿ ಬರುತ್ತಿತ್ತು. ಮೊದಲ ದಿನ ಮಧ್ಯಾಹ್ನ ಸುದ್ದಿ ಬಂತು: ಮೂವರಲ್ಲಿ ಒಬ್ಬರಿಗೆ ವಾಂತಿ, ಮಲಗಿದ್ದಾರೆ. ಯಾರು ಎಂದು ಕೇಳುವಷ್ಟರಲ್ಲಿ ಮಾತು ಕತ್ತರಿಸಿತು. ಮೇಜಿನ ಮೇಲೆ ನನ್ನ ಹತ್ತಿರ ಉಳಿದ ಒಂದು ಪ್ಯಾಕೆಟ್ ಇತ್ತು. ಅದರ ಅಂಟಿಸಿದ ಬಾಯಿಯನ್ನು ಉಗುರಿನಿಂದ ಸವರುತ್ತ ಕೂತೆ. ಉಪ್ಪು ಸಾಲದಾಯಿತೋ, ಹೆಚ್ಚಾಯಿತೋ. ಡಾಕ್ಟರಮ್ಮನನ್ನು ಇನ್ನೊಮ್ಮೆ ಕೇಳಬೇಕಿತ್ತು. ಅವರು ಮತ್ತೆ ರಟ್ಟೆ ಹಿಡಿಸಿಕೊಂಡು ಇಳಿಯುವುದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದೆನೋ.

ಮರುದಿನ ಸಂಜೆ ದೋಣಿ ಕಂಡಾಗ ದಕ್ಕೆಯ ತುದಿಗೆ ಹೋಗಿ ನಿಂತೆ. ಹುಟ್ಟು ಹಾಕುತ್ತಿದ್ದವರು ಇಬ್ಬರು. ಹುಟ್ಟು ಎಳೆಯುವವರು ಹಿಮ್ಮುಖವಾಗಿ ಕೂರುವುದರಿಂದ ಬೆನ್ನು ನನ್ನ ಕಡೆಗಿತ್ತು. ಒಂದು ಬೆನ್ನು ನಮ್ಮವರದು, ಮೂವತ್ತೈದು ವರ್ಷದಿಂದ ಗೊತ್ತಿರುವುದು. ಇನ್ನೊಂದು ಅಗಲಕ್ಕೆ, ನೆಟ್ಟಗೆ, ಅಲುಗದೆ ಹಿಂದಕ್ಕೂ ಮುಂದಕ್ಕೂ ಹೋಗಿ ಬರುತ್ತಿತ್ತು. ಅದು ಅಣ್ಣಾರದು. ಡ್ರಿಲ್ ಮಾಸ್ತರು ದೋಣಿಯ ನಡುವೆ ಟವೆಲ್ ಹೊದ್ದು ಕೂತಿದ್ದರು.

"ನದಿ ಹಿಂಗ ಮಾಡತಿದ್ದಿಲ್ರಿ ಅಕ್ಕಾರ," ಎಂದರು ಇಳಿದವರೇ, ಬಹಳ ನೊಂದ ದನಿಯಲ್ಲಿ. "ನದಿಗೆ ಒಂದು ಮರ್ಯಾದಿ ಇರತೈತಿ. ಒಂದೇ ಕಡಿ ಹೋಕ್ಕೈತಿ."

"ನಮ್ಮನ್ನ ಹುಡುಗರು ಅಂತಿದ್ದಿ. ನಿನ್ನಿ ಹುಡುಗನಂಗ ಅವನ ತೊಡಿ ಮ್ಯಾಲೆ ಮಲಗಿದ್ದಿ," ಎಂದರು ನಮ್ಮವರು. "ಅಳ್ಳಿಟ್ಟು ಕಲಸಿ ಚಮಚದಾಗ ಉಣಿಸಿದಾನ ಇವಗ."

ಅಣ್ಣಾರು ಯಾರ ಕೈಯನ್ನೂ ಹಿಡಿಯದೆ ಇಳಿದರು. ಎರಡು ಹೆಜ್ಜೆ ಓಲಾಡಿ, ನಿಂತು, ನೆಲ ಸರಿಯಾಗುವ ತನಕ ಕಾದರು. ಖಾಲಿ ಪ್ಯಾಕೆಟ್ಟುಗಳನ್ನು ನೀಟಾಗಿ ಮಡಚಿ ರಬ್ಬರ್ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಎಣಿಸಲಿಲ್ಲ. ಕೈಗೆ ದಪ್ಪಗೆ ತಾಗಿತು, ಸಾಕು.

ಕೋಚಮ್ಮ ಏನಾದರೂ ಹೇಳುತ್ತಾಳೆಂದು ನಾವೆಲ್ಲ ಕಾಯುತ್ತಿದ್ದೆವು. ಆಕೆ ದೋಣಿಯ ಹಗ್ಗ ಕಟ್ಟಿ, ಕೈ ಒರೆಸಿಕೊಂಡು, ಕಚೇರಿಯೊಳಗೆ ಹೋಗಿ ಒಂದು ರಟ್ಟಿನ ತುಂಡು, ಪೆನ್ಸಿಲು ತಂದಳು.

"ನಿಮ್ಮ ಚಪ್ಪಲಿ ಅಳತೆ ಎಷ್ಟು ಮಾರಾಯ್ರೆ?"

ಅಣ್ಣಾರಿಗೆ ಅರ್ಥವಾಗಲಿಲ್ಲ. "ಎಂಟೋ ಒಂಬತ್ತೋ. ಅಕೀನೇ ತರ್ತಿದ್ಲು. ಯಾಕ್ರಿ?"

"ದೊಡ್ಡ ದೋಣಿಯಲ್ಲಿ ಕಾಲಿಡ್ಲಿಕ್ಕೆ ಹಲಗೆಗೆ ಶೂ ಸ್ಕ್ರೂ ಮಾಡಿ ಕೂರಿಸ್ಬೇಕು. ಒಬ್ಬೊಬ್ಬರಿಗೆ ಒಂದೊಂದು ಅಳತೆ. ಬರುವ ತಿಂಗಳು ಹೊರಡುದಲ್ವಾ, ಈಗ್ಲೇ ಕೊಟ್ರೆ ನಮ್ಮ ದೋಣಿ ಬಡಗಿ ಮಾಡಿಡ್ತಾನೆ."

ಅಣ್ಣಾರು ಚಪ್ಪಲಿ ಬಿಟ್ಟು ತಿರುಗಿಸಿ ನೋಡಿದರು, ಅಂಕಿ ಸವೆದುಹೋಗಿತ್ತು. ಕೋಚಮ್ಮ ರಟ್ಟನ್ನು ನೆಲಕ್ಕೆ ಹಾಕಿ, ಇದರ ಮೇಲೆ ನಿಲ್ಲಿ, ಎಂದಳು. ಅವರು ನಿಂತರು. ಉಪ್ಪುನೀರಿಗೆ ಬಿಳಿಚಿಕೊಂಡ ದೊಡ್ಡ ಪಾದಗಳು, ಬೆರಳುಗಳ ಸಂದಿಯಲ್ಲಿ ಮರಳು. ಆಕೆ ಮೊಣಕಾಲೂರಿ ಕೂತು ಹಿಮ್ಮಡಿಯಿಂದ ಪೆನ್ಸಿಲು ಎಳೆಯತೊಡಗಿದಳು. ಹೆಬ್ಬೆರಳ ಹತ್ತಿರ ಬಂದಾಗ ಅವರಿಗೆ ಕಚಗುಳಿಯಾಯಿತು. ನಮ್ಮವರ ಭುಜ ಹಿಡಿದುಕೊಂಡು ನಗತೊಡಗಿದರು.

"ಅಲುಗಬೇಡಿ, ಗೆರೆ ಹಾಳಾಗ್ತದೆ."

"ಇಲ್ರಿ ಕೋಚಮ್ಮಾರ, ಎಳೀರಿ," ಎಂದರು ಅಣ್ಣಾರು, ನಗು ತಡೆದುಕೊಂಡು, ಇನ್ನೊಂದು ಕಾಲನ್ನು ಮುಂದಿಡುತ್ತ.